ಬೀದಿಗೆ ಬಂದ ಹಿತ್ತಲು

ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟುವವರು ಮೊದಲು ಬಲಿ ಕೊಡುವುದು ಹಿತ್ತಲನ್ನು. ನಕ್ಷೆಯಲ್ಲಿ ಸುತ್ತಲೂ ಜಾಗ ಬಿಟ್ಟಂತೆ ಗೆರೆ ಎಳೆದಿರುತ್ತಾರೆ. ಕಟ್ಟುವ ಹೊತ್ತಿಗೆ ಅಲ್ಲಿ ಸಂಪು ಬರುತ್ತದೆ, ಕಾರು ನಿಲ್ಲಿಸುವ ಜಾಗ ಬರುತ್ತದೆ, ಬಾಡಿಗೆಯ ಮಹಡಿಗಳಿಗೆ ಹೊರಗಿನಿಂದ ಮೆಟ್ಟಿಲು ಬರುತ್ತದೆ. ಉಳಿದ ನಾಲ್ಕಂಗುಲಕ್ಕೆ ಟೈಲ್ಸ್. ಆದರೆ ಆ ಮನೆಗೆ ಬಂದು ಸೇರಿದವರ ಕೈಗೆ ಹಿತ್ತಲಿನ ಅಭ್ಯಾಸ ಬಿಟ್ಟಿರುವುದಿಲ್ಲ. ದೇವರಿಗೆ ನಾಲ್ಕು ಹೂವು ಬೇಕು, ಒಗ್ಗರಣೆಗೆ ಕರಿಬೇವು ಬೇಕು, ಮಗುವಿಗೆ ಕೆಮ್ಮಾದರೆ ದೊಡ್ಡಪತ್ರೆ ಬೇಕು. ಹಾಗಾಗಿ ಗೇಟಿನ ಆಚೆ, ಕಾಂಪೌಂಡಿಗೂ ಚರಂಡಿಗೂ ನಡುವೆ ಹೇಗೋ ಉಳಿದುಕೊಂಡ ಒಂದೂವರೆ ಅಡಿ ಮಣ್ಣಿನಲ್ಲಿ ಹಿತ್ತಲು ಮತ್ತೆ ಚಿಗುರುತ್ತದೆ.

ಫುಟ್‌ಪಾತ್ ತೋಟಗಳ ಬಗ್ಗೆ ಈಚೆಗೆ ಬಹಳ ಮಾತು ಕೇಳುತ್ತಿದ್ದೇನೆ. ಹೆಚ್ಚಿನವು ನಗರದ ಅಂದ, ಹಸಿರು ಹೊದಿಕೆ ಎಂಬ ಧಾಟಿಯವು. ನನಗೆ ಅದು ಬೇರೆ ಥರ ಕಾಣುತ್ತದೆ. ಮನೆಯೊಳಗೆ ನೆಲೆ ತಪ್ಪಿದ್ದು ಬೀದಿಯಲ್ಲಿ ಜಾಗ ಕೇಳುತ್ತಿದೆ, ಅಷ್ಟೇ. ಬೀದಿಯಾದರೋ ಎಲ್ಲರದು. ಅಲ್ಲಿ ನೆಟ್ಟವರಿಗೆ ಹಿತ್ತಲಿನ ಯಜಮಾನಿಕೆ ಸಿಗುವುದಿಲ್ಲ, ನೆಡದವರಿಗೂ ಹೂವಿನಲ್ಲಿ ಪಾಲಿರುತ್ತದೆ. ಇದನ್ನು ಒಪ್ಪಿಕೊಂಡವರ ತೋಟ ಚೆನ್ನಾಗಿರುತ್ತದೆ. ಒಪ್ಪದವರದು ಬೇಲಿಯಾಗಿ, ಕೊನೆಗೆ ಒತ್ತುವರಿಯಾಗಿ ನಿಲ್ಲುತ್ತದೆ.

ನಮ್ಮ ಬೀದಿಯಲ್ಲಿ ಏನೇನಿದೆ ಎಂದು ಹೇಳುತ್ತೇನೆ. ದಾಸವಾಳ ಇಲ್ಲದ ಮನೆಯಿಲ್ಲ. ನಂದಿಬಟ್ಟಲು, ಕಣಗಿಲೆ, ಸ್ಫಟಿಕ, ಕನಕಾಂಬರ. ಒಂದು ಮನೆಯ ಮುಂದೆ ಬಿಲ್ವ, ಇನ್ನೊಂದರ ಮುಂದೆ ಎಳೆಯ ಸಂಪಿಗೆ. ವಿದ್ಯುತ್ ಕಂಬದ ಎಳೆತಂತಿಗೆ ಹಬ್ಬಿದ ಶಂಖಪುಷ್ಪ. ಚಪ್ಪಡಿಗಳ ಸಂದಿಯಿಂದ ತಾನಾಗಿ ಎದ್ದ ಎಕ್ಕ ಮತ್ತು ಪಪ್ಪಾಯಿ. ಮೂಲೆಮನೆಯ ನಿವೃತ್ತ ಮೇಷ್ಟ್ರು ನುಗ್ಗೆ ಹಾಕಿದ್ದಾರೆ. ಮನೆಮುಂದೆ ನುಗ್ಗೆ ಇರಬಾರದೆಂದು ಅವರಿಗೆ ಹೇಳದವರಿಲ್ಲ. ಹೀಗೆ ಹೇಳಿದವರೇ ಸಂಜೆ ಹೋಗಿ ಸೊಪ್ಪು ಕೇಳಿ ತರುತ್ತಾರೆ. ಈ ಪಟ್ಟಿಯನ್ನು ಯಾವ ಉದ್ಯಾನ ವಿನ್ಯಾಸಕರೂ ಬರೆಯಲಾರರು. ಪೂಜೆ, ಅಡುಗೆ, ಮದ್ದು ಸೇರಿ ಬರೆದ ಪಟ್ಟಿ ಇದು. ಮಾಲ್‌ಗಳ ಮುಂದೆ ಸಾಲಾಗಿ ಕತ್ತರಿಸಿ ನಿಲ್ಲಿಸುವ ವಿದೇಶಿ ಪೊದೆಗಳಲ್ಲಿ ಒಂದನ್ನೂ ಇಲ್ಲಿ ಯಾರೂ ನೆಟ್ಟಿಲ್ಲ, ಏಕೆಂದರೆ ಅದರಿಂದ ಕೀಳುವಂಥದ್ದೇನೂ ಇಲ್ಲ.

ಬೆಂಗಳೂರಿನ ಬೀದಿಗೆ ಹಸಿರು ಬಂದ ಪ್ರಸಿದ್ಧ ಕಥೆ ಬೇರೆಯೇ. ಅದು ಮೇಲಿನಿಂದ ಬಂದದ್ದು. ಜರ್ಮನಿಯ ಜಿ.ಎಚ್. ಕೃಂಬಿಗಲ್ ಬರೋಡಾದಲ್ಲಿ ಕೆಲಸ ಮಾಡಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ವರ್ಷದ ಒಂದೊಂದು ಕಾಲದಲ್ಲಿ ಒಂದೊಂದು ರಸ್ತೆ ಹೂ ಬಿಡುವಂತೆ ಮರಗಳನ್ನು ಆರಿಸಿ ನೆಡುವ ಯೋಚನೆಗೆ ಇಂದಿಗೂ ಅವರ ಹೆಸರನ್ನೇ ಹೇಳುತ್ತಾರೆ. ವರ್ಷದ ಕೊನೆಗೆ ಗುಲಾಬಿ ಟಬೆಬುಯಾ, ಬೇಸಿಗೆ ಹತ್ತಿರವಾದಂತೆ ಹಳದಿಯದು, ಜಕರಂಡ, ಆಮೇಲೆ ಗುಲ್‌ಮೊಹರ್. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳು ನೆಲ ಕಂಡವು. ಇವತ್ತು ನಾವು ನೆರಳಿನಲ್ಲಿ ನಡೆಯುತ್ತಿದ್ದರೆ ಅದು ಬಹುಮಟ್ಟಿಗೆ ಅಂಥವರ ದುಡಿಮೆ. ಫೆಬ್ರವರಿಯಲ್ಲಿ ಮೊಬೈಲ್ ಎತ್ತಿ ಹಿಡಿದು ಹಳದಿ ಟಬೆಬುಯಾದ ಚಿತ್ರ ತೆಗೆಯುವವರಲ್ಲಿ ಎಷ್ಟು ಜನಕ್ಕೆ ಈ ಹೆಸರುಗಳು ಗೊತ್ತೋ!

ಆದರೆ ಆ ಕೊಡುಗೆ ಎಲ್ಲ ಬೀದಿಗೂ ಸಮನಾಗಿ ಸಿಗಲಿಲ್ಲ. ಹರಿಣಿ ನಾಗೇಂದ್ರ ಮತ್ತು ದಿವ್ಯಾ ಗೋಪಾಲ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೆಂಗಳೂರಿನ ಬೀದಿಮರಗಳನ್ನು ಎಣಿಸಿ ನೋಡಿತ್ತು. ಅಗಲ ರಸ್ತೆಗಳಲ್ಲಿ ದೊಡ್ಡ ಮರಗಳು, ಹೆಚ್ಚು ಜಾತಿಗಳು. ಕಿರಿದಾದ ವಸತಿ ರಸ್ತೆಗಳಲ್ಲಿ ಮರಗಳೂ ಕಡಿಮೆ, ಇದ್ದವೂ ಸಣ್ಣ ಜಾತಿಯವು. ನಡೆಯುವವರು, ಸೊಪ್ಪು ಮಾರುವವರು, ಆಡುವ ಮಕ್ಕಳು ಇರುವುದು ಈ ಕಿರುಬೀದಿಗಳಲ್ಲಿ. ಮರದ ನೆರಳು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದನ್ನೂ ಇದೇ ನಗರದಲ್ಲಿ ಅಳೆದಿದ್ದಾರೆ. 2013ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ರಸ್ತೆಯ ಮೈಯ ಬಿಸಿ 27.5 ಡಿಗ್ರಿವರೆಗೂ ಕಡಿಮೆ. ನಮ್ಮಲ್ಲಿ ಇಸ್ತ್ರಿ ಗಾಡಿ ಯಾವಾಗಲೂ ಹೊಂಗೆಯ ಕೆಳಗೇ ಏಕೆ ನಿಂತಿರುತ್ತದೆ ಎಂದು ಕೇಳಿದರೆ ಇಸ್ತ್ರಿಯವರು ಇದನ್ನೇ ಅಂಕಿಗಳಿಲ್ಲದೆ ಹೇಳುತ್ತಾರೆ. ಇಪ್ಪತ್ತು ಅಡಿಯ ರಸ್ತೆಗೆ ಮಳೆಮರ ಸಲ್ಲದು, ಒಪ್ಪಿದೆ. ಪಾರಿಜಾತ, ಕರಿಬೇವು, ರತ್ನಗಂಧಿಯಂಥ ಸಣ್ಣ ಗಿಡಗಳಿಗಂತೂ ಅಲ್ಲಿ ಜಾಗವಿದೆ.

ಜಾಗವಿದೆ ಎಂದು ಹೇಳುವುದು ಸುಲಭ, ಅದರ ಕೆಳಗೆ ಏನಿದೆ ಎನ್ನುವುದು ಬೇರೆ ಮಾತು. ಬೆಂಗಳೂರಿನ ಬಹುತೇಕ ಬೀದಿಗಳಲ್ಲಿ ಫುಟ್‌ಪಾತ್ ಎಂದರೆ ಮಳೆನೀರಿನ ಚರಂಡಿಯ ಮುಚ್ಚಳ. ಕಲ್ಲುಚಪ್ಪಡಿ ಎತ್ತಿದರೆ ಮಣ್ಣಿಲ್ಲ, ಮೋರಿ. ಆದ್ದರಿಂದ ಚಪ್ಪಡಿ ಕಿತ್ತು ಗಿಡ ನೆಡಿ ಎಂಬ ಉತ್ಸಾಹದ ಸಲಹೆ ಇಲ್ಲಿ ನಡೆಯುವುದಿಲ್ಲ. ನೆಡಲಾಗುವುದು ಎರಡೇ ಕಡೆ: ಕಾಂಪೌಂಡಿನ ಬುಡದ ಪಟ್ಟಿಯಲ್ಲಿ ಮತ್ತು ಈಗಾಗಲೇ ಇರುವ ಮರಗಳ ಸುತ್ತ. ಕಾಂಪೌಂಡಿನ ಬುಡದಲ್ಲಿ ಹಾರೆ ಹಾಕಿದರೆ ಮೊದಲು ಸಿಗುವುದು ಮನೆ ಕಟ್ಟಿದವರು ಬಿಟ್ಟುಹೋದ ಜಲ್ಲಿ, ಒಡೆದ ಇಟ್ಟಿಗೆ, ಗಟ್ಟಿಯಾದ ಸಿಮೆಂಟಿನ ಉಂಡೆ, ಗುಟ್ಕಾ ಪೊಟ್ಟಣ. ಸಿಮೆಂಟು, ಸುಣ್ಣ ಸೇರಿದ ಮಣ್ಣು ಕ್ಷಾರವಾಗುತ್ತದೆ. ಅಂಥಲ್ಲಿ ದಾಸವಾಳದ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಬೇರಿಗೆ ಕಬ್ಬಿಣದ ಅಂಶ ದಕ್ಕದ ಲಕ್ಷಣ ಅದು. ಜನ ಔಷಧಿ ಅಂಗಡಿಗೆ ಓಡುತ್ತಾರೆ. ಒಂದೂವರೆ ಅಡಿ ಅಗೆದು ಆ ಕಸವನ್ನೆಲ್ಲ ಎತ್ತಿ, ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ, ಕೊಳೆತ ತರಗೆಲೆ ಬೆರೆಸಿ ತುಂಬುವುದೇ ನಿಜವಾದ ಔಷಧಿ. ತರಗೆಲೆಗಂತೂ ಬರವಿಲ್ಲ, ಮಾಗಿಯ ಕೊನೆಗೆ ಗುಡಿಸಿ ಗುಡ್ಡೆ ಹಾಕಿ ಬೆಂಕಿ ಇಡುವ ಮೊದಲು ನಾಲ್ಕು ಚೀಲ ತುಂಬಿಟ್ಟುಕೊಂಡರೆ ಮುಂಗಾರಿನ ಹೊತ್ತಿಗೆ ಅದು ಮಣ್ಣಾಗಿರುತ್ತದೆ.

ಮರದ ಬುಡದ ಕಥೆ ಇನ್ನೂ ಕಷ್ಟದ್ದು. ಪ್ರತಿ ಸಲ ಫುಟ್‌ಪಾತ್ ರಿಪೇರಿ ಆದಾಗಲೂ ಕಾಂಕ್ರೀಟು ಕಾಂಡದ ಇನ್ನಷ್ಟು ಹತ್ತಿರ ಬರುತ್ತದೆ. ಕೊನೆಗೆ ತೊಗಟೆಗೆ ತಾಗಿಕೊಂಡೇ ಸಿಮೆಂಟು. ಬೆಳೆಯುವ ಮಗುವಿನ ಉಡಿದಾರವನ್ನು ಸಡಿಲಿಸದೆ ಬಿಟ್ಟ ಹಾಗೆ ಅದು. ಮೇಲಿನಿಂದ ನೀರಿಲ್ಲ, ಗಾಳಿಯಿಲ್ಲ. ಒಂದು ಬದಿಯಿಂದ ಕೇಬಲ್ ಹಾಕುವವರು ಬೇರು ಕಡಿಯುತ್ತಾರೆ, ಇನ್ನೊಂದು ಬದಿಯಿಂದ ಚರಂಡಿ ಕಟ್ಟುವವರು. ಆಮೇಲೆ ಮೇ ತಿಂಗಳ ಗಾಳಿಮಳೆಗೆ ಅದು ಕಾರಿನ ಮೇಲೆ ಉರುಳಿದಾಗ ಮರ ಮುದಿಯಾಗಿತ್ತು ಎಂದು ಸುದ್ದಿ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬಗ್ಗೆ ಆದೇಶ ಕೊಡುತ್ತಾ ಕಾಂಡದ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟನ್ನು ತೆಗೆಯಬೇಕೆಂದಿತು. ಆ ಒಂದು ಮೀಟರ್ ಇದೆಯಲ್ಲ, ಫುಟ್‌ಪಾತ್ ತೋಟ ಮಾಡಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ನಮ್ಮ ಹಿರಿಯರು ಅಶ್ವತ್ಥದ ಬುಡಕ್ಕೆ ಕಟ್ಟೆ ಕಟ್ಟಿದಾಗ ನಡುವೆ ಮಣ್ಣು ಬಿಟ್ಟೇ ಕಟ್ಟುತ್ತಿದ್ದರು. ಪ್ರದಕ್ಷಿಣೆ ಬರುವವರ ತಂಬಿಗೆಯ ನೀರು ಬೇರಿಗೆ ಇಳಿಯಬೇಕಿತ್ತು. ಈಗ ಅದೇ ಕಟ್ಟೆಗೆ ಗ್ರಾನೈಟ್ ಹೊದಿಸಿ, ದಾನಿಗಳ ಹೆಸರು ಕೆತ್ತಿಸಿ, ನೀರು ಇಳಿಯದಂತೆ ಮಾಡಿದ್ದೇವೆ.

ಆದರೆ ಆ ಒಂದು ಮೀಟರಿನಲ್ಲಿ ಏನು ಮಾಡಬೇಕು ಎನ್ನುವುದಕ್ಕಿಂತ ಏನು ಮಾಡಬಾರದು ಎಂಬುದು ಮುಖ್ಯ. ಬುಡಕ್ಕೆ ಮಣ್ಣು ಏರಿಸಿ ಕಾಂಡ ಮುಚ್ಚಬಾರದು, ತೊಗಟೆ ಕೊಳೆಯುತ್ತದೆ. ದೊಡ್ಡ ಬೇರು ಸಿಕ್ಕರೆ ಕಡಿಯದೆ ಪಕ್ಕಕ್ಕೆ ಸರಿಯಬೇಕು. ನೆರಳಿನಲ್ಲಿ ಬರುವ ಗಿಡಗಳನ್ನೇ ಇಡಬೇಕು. ಕನಕಾಂಬರ ಅರೆನೆರಳಿನಲ್ಲಿ ಚೆನ್ನಾಗಿ ಬರುತ್ತದೆ, ದೊಡ್ಡಪತ್ರೆಯೂ ಹೊಂದಿಕೊಳ್ಳುತ್ತದೆ. ಏನನ್ನೂ ನೆಡದೆ ತರಗೆಲೆ ಹೊದಿಸಿ ಬಿಟ್ಟರೂ ನನ್ನ ಲೆಕ್ಕದಲ್ಲಿ ಅದು ತೋಟವೇ. ಗಿಡ ನೆಡುವ ಫೋಟೋ ಎಲ್ಲರಿಗೂ ಬೇಕು. ಕಾಂಕ್ರೀಟು ಒಡೆಯುವ ಕೆಲಸಕ್ಕೆ ಕರೆದರೆ ಆ ಭಾನುವಾರ ಎಲ್ಲರಿಗೂ ಮದುವೆ ಇರುತ್ತದೆ.

ಈಗ ನಡೆಯುವವರ ವಿಷಯಕ್ಕೆ ಬರುತ್ತೇನೆ. ಗಿಡಪ್ರೀತಿಯ ಬರಹಗಳಲ್ಲಿ ಇವರು ಸಾಮಾನ್ಯವಾಗಿ ಕಾಣೆಯಾಗುತ್ತಾರೆ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಪಾದಚಾರಿ ಮಾರ್ಗಸೂಚಿ ಫುಟ್‌ಪಾತನ್ನು ಮೂರು ಪಟ್ಟಿಗಳಾಗಿ ನೋಡುತ್ತದೆ: ಕಟ್ಟಡದ ಅಂಚು, ನಡುವೆ ನಡೆಯುವ ಜಾಗ, ರಸ್ತೆಯ ಕಡೆ ಮರ, ದೀಪದ ಕಂಬ, ಬೆಂಚುಗಳ ಜಾಗ. ವಸತಿ ಪ್ರದೇಶದಲ್ಲಿ ನಡುವಿನ ಪಟ್ಟಿ ಯಾವ ಅಡ್ಡಿಯೂ ಇಲ್ಲದೆ ಕನಿಷ್ಠ 1.8 ಮೀಟರ್ ಇರಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು ಬೇಕಾದ ಅಗಲ ಅದು. ನಮ್ಮ ಬೀದಿಯಲ್ಲಿ ಇಡೀ ಫುಟ್‌ಪಾತೇ ಅಷ್ಟಿಲ್ಲ. ಹೀಗಿರುವಾಗ ಒಬ್ಬರು ಅದರ ಮೇಲೆ ಮೊಳಕಾಲೆತ್ತರದ ಇಟ್ಟಿಗೆ ಕಟ್ಟೆ ಕಟ್ಟಿ, ಕಬ್ಬಿಣದ ಬೇಲಿ ಹಾಕಿ, ಬೀಗ ಜಡಿದು ಗುಲಾಬಿ ಬೆಳೆಯುತ್ತಾರೆ. ಎದುರು ಮನೆಯ ಅಜ್ಜಿ ಕೋಲು ಊರಿಕೊಂಡು ರಸ್ತೆಗಿಳಿದು, ಬೈಕುಗಳ ನಡುವೆ ಹೋಗಿ, ಬೇಲಿ ಮುಗಿದ ಮೇಲೆ ಮತ್ತೆ ಹತ್ತುತ್ತಾರೆ. ಆ ಗುಲಾಬಿ ಎಷ್ಟೇ ಚೆಂದವಿರಲಿ, ಅದು ಒತ್ತುವರಿಯೇ. ಮನೆಯ ಇಳಿಜಾರನ್ನು ರಸ್ತೆಯವರೆಗೂ ಚಾಚಿದವರನ್ನು, ಫುಟ್‌ಪಾತ್ ಮೇಲೆ ಜನರೇಟರ್ ಇಟ್ಟವರನ್ನು ಬೈಯುವ ನಾವು ಬೇಲಿಯೊಳಗೆ ಹಸಿರಿದೆ ಎಂಬ ಕಾರಣಕ್ಕೆ ಇದನ್ನು ಮಾತ್ರ ಕ್ಷಮಿಸುವುದು ಸರಿಯಲ್ಲ.

ಬೇಲಿ ಹಾಕುವವರಿಗೂ ಒಂದು ಕಾರಣವಿದೆ. ಬೆಳಗಿನ ಜಾವ ಪ್ಲಾಸ್ಟಿಕ್ ಚೀಲ ಹಿಡಿದು, ಕೆಲವರಂತೂ ಉದ್ದ ಕೋಲಿಗೆ ಕೊಕ್ಕೆ ಕಟ್ಟಿಕೊಂಡು ಹೊರಡುವ ಹೂವಿನ ಪಡೆಯೇ ಆ ಕಾರಣ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ಇವರ ಪರಿಚಯ ಬೇಕಿಲ್ಲ. ವಾಕಿಂಗ್ ನೆಪ, ಕ್ಯಾನ್ವಾಸ್ ಶೂ, ಸ್ವೆಟರ್, ಮಂಕಿ ಟೋಪಿ, ತುಟಿಯಲ್ಲಿ ಸಹಸ್ರನಾಮ. ಮೊಗ್ಗೂ ಬಿಡುವುದಿಲ್ಲ. ಸಿಕ್ಕಿಬಿದ್ದರೆ ‘ದೇವರಿಗೆ ತಾನೇ ಅಮ್ಮ, ನಮಗೇನು?’ ಎಂಬ ಸಿದ್ಧ ಉತ್ತರ. ನಮ್ಮ ಮನೆಯಲ್ಲಿ ಇದರ ಮೇಲೆ ಆಗಿರುವ ವಾಗ್ವಾದ ಸಣ್ಣದಲ್ಲ. ಬೀದಿಯ ಗಿಡದ ಹೂವು ಬೀದಿಯದ್ದು ಎಂಬುದು ನನ್ನ ವಾದ. ನೀರು ಹಾಕಿದವರಿಗೆ ಪೂಜೆಗೆ ಒಂದು ಹೂವಾದರೂ ಉಳಿಯಬೇಡವೇ ಎಂಬುದು ಅತ್ತೆಯವರದು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಗೇಟಿನ ಬಲಗಡೆ ಪಾರಿಜಾತ ಹಾಕಿಸಿದರು. ನೆಲಕ್ಕೆ ಬಿದ್ದ ಹೂವನ್ನು ಆಯ್ದು ದೇವರಿಗೆ ಏರಿಸಬಹುದಾದದ್ದು ಅದೊಂದೇ ಎಂಬ ನಂಬಿಕೆ. ಕೊಕ್ಕೆ ಬೇಕಿಲ್ಲ, ಕೊಂಬೆ ಮುರಿಯಬೇಕಿಲ್ಲ. ಮೊದಲು ಬಂದವರು ಮೊದಲು ಆಯ್ದುಕೊಳ್ಳುತ್ತಾರೆ, ಎಲ್ಲರಿಗೂ ಸಾಲುವಷ್ಟು ಉದುರುತ್ತದೆ. ಜಗಳವನ್ನು ಗಿಡದ ಆಯ್ಕೆಯಲ್ಲೇ ಬಗೆಹರಿಸಿದ ಅವರ ಜಾಣತನ ಕಂಡು ನನ್ನ ವಾದವನ್ನು ನಾನು ಮತ್ತೆ ಎತ್ತಿಲ್ಲ.

ಪೂಜೆಗಿಂತ ಹೆಚ್ಚು ಆಸೆಯಿಂದ ಈ ಗಿಡಗಳನ್ನು ಹುಡುಕಿಕೊಂಡು ಬರುವವರು ಇನ್ನೂ ಇದ್ದಾರೆ. ಕರಿಬೇವು, ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಕಂಬಳಿಹುಳು ಕಂಡರೆ ಅದು ನಿಂಬೆ ಚಿಟ್ಟೆಯದೋ ಅದರ ಬಳಗದ್ದೋ ಮರಿ. ಎಕ್ಕದ ಎಲೆ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆ ಬೇರೆ, ಕಣಗಿಲೆಯನ್ನು ಮೇಯುವ ಕಂದು ಚಿಟ್ಟೆ ಬೇರೆ. ಎರಡೂ ಗಿಡಗಳ ವಿಷವನ್ನು ಮೈಯಲ್ಲಿ ತುಂಬಿಕೊಂಡು ಹಕ್ಕಿಗಳಿಂದ ಪಾರಾಗುತ್ತವೆ. ನಂದಿಬಟ್ಟಲಿನ ಎಲೆಯನ್ನು ರಾತ್ರೋರಾತ್ರಿ ಬೋಳಿಸುವ ಹಸಿರು ಹುಳುವನ್ನು ಜನ ಹೆದರಿ ಸಾಯಿಸುತ್ತಾರೆ. ಬಿಟ್ಟರೆ ಅದು ಹಸಿರು, ಗುಲಾಬಿ ಬಣ್ಣಗಳ ಬಲು ಚೆಲುವಾದ ಪತಂಗವಾಗುತ್ತದೆ. ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಅದು ತಲೆಕೆಳಗಾಗಿ ತೂಗುತ್ತಾ ಹೂವಿನ ಬುಡಕ್ಕೇ ಕೊಕ್ಕಿನಿಂದ ತೂತು ಹಾಕಿ ಮಕರಂದ ಹೀರುವುದನ್ನು ನೋಡಲು ಶಾಲೆಯ ವ್ಯಾನಿಗೆ ಕಾಯುವ ಮಕ್ಕಳಿಗೆ ಪುರುಸೊತ್ತಿರುತ್ತದೆ. ಸಾಲಾಗಿಟ್ಟ ಅಲಂಕಾರದ ಕುಂಡಗಳಲ್ಲಿ ಇದು ಯಾವುದೂ ನಡೆಯುವುದಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿನಲ್ಲಿ ನಡೆಯುವುದು ಡೆಂಗಿ ಸೊಳ್ಳೆಯ ಸಂಸಾರ. ಕುಂಡವನ್ನು ಕದಿಯುವುದೂ ಸುಲಭ. ಸಾಧ್ಯವಿದ್ದಲ್ಲೆಲ್ಲ ನೆಲವೇ ವಾಸಿ.

ನೀರಿನ ಪ್ರಶ್ನೆ ಮಾತ್ರ ಸುಲಭದ್ದಲ್ಲ. ನೂರು ಕಿಲೋಮೀಟರು ದೂರದ ಕಾವೇರಿಯನ್ನು ಮೇಲೆತ್ತಿ ತಂದು ಕುಡಿಯುವ ಊರು ಇದು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹೇರಿತು. ಸರಿಯಾದ ಆದೇಶವೇ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಗಿಡಕ್ಕೆ ಹೋಗುವುದು ನಮ್ಮ ಅಡುಗೆಮನೆಗಳಲ್ಲಿ ಹೊಸದಲ್ಲ. ಆ ಬೇಸಿಗೆಯಲ್ಲಿ ಅದನ್ನು ಬಿಟ್ಟವರು ಮತ್ತೆ ಬಕೆಟ್ ಇಟ್ಟರು. ಹುಲ್ಲುಹಾಸು ಹಾಕಿದ ಕಡೆ ಎಲ್ಲ ಕಂದುಬಣ್ಣ. ಕಣಗಿಲೆ, ಎಕ್ಕ, ರತ್ನಗಂಧಿ, ಚಪ್ಪಡಿ ಸಂದಿಯ ನಿತ್ಯಪುಷ್ಪ ಮಾತ್ರ ಏನೂ ಆಗದವರಂತೆ ನಿಂತಿದ್ದವು. ಇನ್ನು ಮಳೆ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಅದನ್ನು ನೆಲಕ್ಕೆ ಮುಟ್ಟಿಸದೆ ಟೈಲ್ಸ್, ಟಾರು, ಚರಂಡಿ, ರಾಜಕಾಲುವೆ ಎಂದು ಓಡಿಸುತ್ತೇವೆ. ಬೀದಿಯುದ್ದಕ್ಕೂ ಒಂದೂವರೆ ಅಡಿ ಪಟ್ಟಿ ತೆರೆದಿದ್ದರೆ ಪ್ರವಾಹ ನಿಂತುಬಿಡುತ್ತದೆ ಎಂದು ನಾನು ಹೇಳಲಾರೆ, ಅಂಥ ಮಾತು ಹೇಳುವವರನ್ನು ನಂಬಲೂ ಬೇಡಿ. ಆ ಪಟ್ಟಿಯ ಮೇಲೆ ಬಿದ್ದ ನೀರಾದರೂ ಅಲ್ಲೇ ಇಳಿಯುತ್ತದೆ.

ಬೇರೆ ಊರುಗಳು ಇದಕ್ಕೆಲ್ಲ ಕಾಗದಪತ್ರ ಮಾಡಿಕೊಂಡಿವೆ. ಸ್ಯಾನ್ ಫ್ರಾನ್ಸಿಸ್ಕೋ 2006ರಲ್ಲಿ ಪಾದಚಾರಿ ಮಾರ್ಗದ ಕಾಂಕ್ರೀಟು ತೆಗೆದು ಗಿಡ ಹಾಕಲು ಪ್ರತ್ಯೇಕ ಪರವಾನಗಿ ತಂದಿತು. ಪ್ಯಾರಿಸ್ 2015ರಿಂದ ಅಂಥದ್ದೇ ಪರವಾನಗಿ ಕೊಟ್ಟಿತು, ಕೀಟನಾಶಕ ಬಳಸಬಾರದೆಂಬ ಷರತ್ತಿನೊಂದಿಗೆ. ನೆದರ್ಲೆಂಡ್ಸ್‌ನಲ್ಲಿ 2020ರಿಂದ ಟೈಲ್ಸ್ ಕೀಳುವ ಪಂದ್ಯವೇ ನಡೆಯುತ್ತಿದೆ. ಯಾವ ಊರಿನವರು ಹೆಚ್ಚು ಕಿತ್ತು ಮಣ್ಣು ತೆರೆದರು ಎಂದು ಲೆಕ್ಕ ಹಾಕುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ ರಾನ್ ಫಿನ್ಲಿ 2010ರಲ್ಲಿ ತನ್ನ ಮನೆಮುಂದಿನ ಪಟ್ಟಿಯಲ್ಲಿ ತರಕಾರಿ ಬೆಳೆದಾಗ ನಗರಾಡಳಿತ ನೋಟಿಸು ಕೊಟ್ಟಿತು. ಜಗಳವಾಗಿ, ಕೊನೆಗೆ ನಿಯಮವೇ ಸಡಿಲವಾಯಿತು. ಒಳ್ಳೆಯ ತರಕಾರಿ ಸಿಗದ ಬಡಾವಣೆಯಲ್ಲಿ ಅದನ್ನು ಬೀದಿಯಲ್ಲೇ ಬೆಳೆದ ಫಿನ್ಲಿಗೂ ನಮ್ಮ ನುಗ್ಗೆಯ ಮೇಷ್ಟ್ರಿಗೂ ಮಾತಾಡಲು ಬೇಕಾದಷ್ಟಿದೆ. ಇಲ್ಲಿ ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕು. ಮನೆಮುಂದೆ ಕನಕಾಂಬರ ಹಾಕುವಾಗ ಮಾತ್ರ ನಮ್ಮ ಬೀದಿಯಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ, ಬೇಡವೆಂದು ಯಾರೂ ಬಂದದ್ದೂ ಇಲ್ಲ. ಇದು ಸ್ವಾತಂತ್ರ್ಯವೆಂದು ಅನಿಸುವುದು ಮುಂದಿನ ಕಾಮಗಾರಿಯವರೆಗೆ. ಜೆಸಿಬಿ ಬಂದ ದಿನ ಗಿಡದ ಪರವಾಗಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಕಸ ಸುರಿಯುವ ಮೂಲೆಗಳನ್ನು ತೋಟ ಮಾಡುವುದನ್ನೂ ಇಲ್ಲಿ ಹೇಳಬೇಕು. ‘ದಿ ಅಗ್ಲಿ ಇಂಡಿಯನ್’ ಎಂಬ ಅನಾಮಿಕರ ಗುಂಪು 2010ರಿಂದ ಬೆಂಗಳೂರಿನಲ್ಲಿ ಅಂಥ ಜಾಗ ತೊಳೆದು, ಗೋಡೆಗೆ ಬಣ್ಣ ಬಳಿದು, ಗಿಡವಿಟ್ಟು ತೋರಿಸಿತು. ಅದರ ಅನುಕರಣೆ ಎಲ್ಲ ಕಡೆ ಆಗಿದೆ. ಉಳಿದ ಮೂಲೆಗಳಿಗೂ ಹಾಳಾದ ಮೂಲೆಗಳಿಗೂ ಇರುವ ವ್ಯತ್ಯಾಸ ನನಗೆ ಕಂಡಂತೆ ಒಂದೇ. ದಿನವೂ ಅದರ ಎದುರು ಕೂರುವವರು, ಅಂದರೆ ಹೂವಿನವರೋ ಚಪ್ಪಲಿ ಹೊಲಿಯುವವರೋ ಎಳನೀರಿನವರೋ, ಒಬ್ಬರಿರಬೇಕು. ಭಾನುವಾರದ ಉತ್ಸಾಹಿಗಳಿಂದ ಶುರುವಾಗುತ್ತದೆ, ಬುಧವಾರ ಕಸ ಸುರಿಯಲು ಬಂದವನನ್ನು ಗದರಿಸಿ ಕಳಿಸುವವರಿಂದ ಉಳಿಯುತ್ತದೆ.

ಬಾಡಿಗೆದಾರರ ಬಗ್ಗೆಯೂ ಯಾರೂ ಬರೆಯುವುದಿಲ್ಲ. ನಮ್ಮ ಬೀದಿಯ ಗಿಡಗಳಲ್ಲಿ ಬಹಳಷ್ಟು ಅವರು ನೆಟ್ಟವು. ಮನೆ ಬಿಡುವಾಗ ಕುಂಡ ಒಯ್ಯಬಹುದು, ನೆಲಕ್ಕಿಳಿದದ್ದನ್ನು ಬಿಟ್ಟೇ ಹೋಗಬೇಕು. ಎದುರಿನ ಎರಡನೇ ಮಹಡಿಯಲ್ಲಿದ್ದ ಕಲಬುರಗಿಯ ಒಬ್ಬ ಶಿಕ್ಷಕಿ ತವರಿನಿಂದ ತಂದ ದುಂಡುಮಲ್ಲಿಗೆಯ ಕಡ್ಡಿಯನ್ನು ಹೊಂಗೆಯಿಂದ ಸ್ವಲ್ಪ ದೂರಕ್ಕೆ, ಬಿಸಿಲು ಬೀಳುವಲ್ಲಿ ಊರಿದ್ದರು. ವರ್ಗವಾದಾಗ ಇಸ್ತ್ರಿಯವರಿಗೆ ಒಪ್ಪಿಸಿ ಹೋದರು. ಈಗ ಅದರ ಹೂವು ತಮ್ಮದೆಂದು ಹೊಸ ಬಾಡಿಗೆದಾರರು ತಿಳಿದಿದ್ದಾರೆ, ನೀರು ಹಾಕುವವನು ನಾನು ಎಂದು ಇಸ್ತ್ರಿಯವರು, ಗೋಡೆ ನಮ್ಮದು ಎಂದು ಮನೆ ಮಾಲೀಕರು. ಮಳೆಗಾಲಕ್ಕೆ ಮುಂಚೆ ಕೇಬಲಿನವರು ಸರಿಯಾಗಿ ಅದರ ಬುಡಕ್ಕೇ ಸುಣ್ಣದ ಗೆರೆ ಎಳೆದಾಗ ಮೂವರೂ ಹೊರಗೆ ಬಂದು ಒಂದೇ ದನಿಯಲ್ಲಿ ಜಗಳ ತೆಗೆದರು. ‘ಇದು ಯಾರ ಗಿಡ ಸ್ವಾಮಿ?’ ಎಂದು ಮೇಸ್ತ್ರಿ ಕೇಳಿದ್ದಕ್ಕೆ ಮೂರು ಉತ್ತರ ಬಂದವು. ಆತ ತಲೆ ಕೆರೆದುಕೊಂಡು, ಸುಣ್ಣದ ಗೆರೆಯನ್ನು ಚಪ್ಪಲಿಯಿಂದ ಅಳಿಸಿ, ಎರಡಡಿ ಆಚೆಗೆ ಹೊಸದಾಗಿ ಎಳೆಸಿದ.